ಗ್ರಂಥಾಲಯ ತೆರೆಯಿತು, ಸರ್ವರ್ ಏಳಲಿಲ್ಲ



ಕಾಲೇಜು ಗ್ರಂಥಾಲಯದ ಕೌಂಟರಿನ ಮುಂದೆ ನಿಂತವರಿಗೆಲ್ಲ ಒಂದು ಸದ್ದು ಪರಿಚಯ. ಪುಸ್ತಕಕ್ಕೆ ಅಂಟಿಸಿದ ಬಾರ್‌ಕೋಡಿನ ಮೇಲೆ ಸ್ಕ್ಯಾನರ್ ಹಿಡಿದರೆ ‘ಪೀಂ’ ಅನ್ನುತ್ತದೆ. ಅದರ ಬೆನ್ನಿಗೇ ಪರದೆಯ ಮೇಲೆ ಪುಸ್ತಕದ ಹೆಸರು, ಒಯ್ಯುವವರ ಹೆಸರು, ಮರಳಿಸಬೇಕಾದ ತಾರೀಕು ಮೂಡುತ್ತವೆ. ಒಂದು ಸೋಮವಾರ ಬೆಳಿಗ್ಗೆ ನಮ್ಮಲ್ಲಿ ‘ಪೀಂ’ ಏನೋ ಬಂತು. ಹೆಸರು ಬರಲಿಲ್ಲ. ಪರದೆ ಬೆಳ್ಳಗಿತ್ತು. ಮೇಲುಗಡೆ ಒಂದೇ ಮಾತು: ಸೇವೆ ಲಭ್ಯವಿಲ್ಲ.

ಪರೀಕ್ಷೆಗೆ ಒಂದು ವಾರ ಉಳಿದಿತ್ತು. ಹುಡುಗ ಹುಡುಗಿಯರ ಸಾಲು ಬಾಗಿಲು ದಾಟಿ ಮೆಟ್ಟಿಲ ತನಕ ಹೋಗಿತ್ತು. ನಮ್ಮ ಅಟೆಂಡರ್ ಹತ್ತಿರ ಬಂದು ಮೆಲ್ಲಗೆ ಕೇಳಿದರು: ‘ಸಾರ್, ಶನಿವಾರ ಚೆನ್ನಾಗೇ ಇತ್ತಲ್ಲ?’

ಹೌದು, ಚೆನ್ನಾಗೇ ಇತ್ತು. ಶನಿವಾರ ಸಂಜೆ ನಾವು ಸರ್ವರನ್ನು ಅಪ್‌ಗ್ರೇಡ್ ಮಾಡಿದ್ದೆವು. ಮುಗಿದ ಮೇಲೆ ಒಂದು ಪುಸ್ತಕ ಕೊಟ್ಟು, ಮರಳಿ ಪಡೆದು ಪರೀಕ್ಷಿಸಿಯೂ ಇದ್ದೆವು. ಎಲ್ಲ ಸರಿಯಿತ್ತು. ಹಾಗಾದರೆ ಭಾನುವಾರ ಯಾರೂ ಮುಟ್ಟದ ಯಂತ್ರ ಸೋಮವಾರ ಯಾಕೆ ಕೈಕೊಟ್ಟಿತು? ಇವತ್ತಿನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತ. ಗ್ರಂಥಾಲಯದಲ್ಲಿ ಕೆಲಸ ಮಾಡುವವರು ಮಾತ್ರ ಕೇಳಬೇಕಾದದ್ದಲ್ಲ. ಸೊಸೈಟಿಯ ಲೆಕ್ಕ, ಆಸ್ಪತ್ರೆಯ ಚೀಟಿ, ಶಾಲೆಯ ಹಾಜರಿ, ಯಾವುದು ಕಂಪ್ಯೂಟರಿನಲ್ಲಿದ್ದರೂ ಈ ಸೋಮವಾರ ನಿಮ್ಮಲ್ಲಿಗೂ ಬರಬಹುದು.

ಮೊದಲು ನಮ್ಮ ಸಾಫ್ಟ್‌ವೇರಿನ ಪರಿಚಯ. ಅದರ ಹೆಸರು ಕೋಹಾ. ನ್ಯೂಜಿಲೆಂಡಿನ ಹೊರೊವೆನುವಾ ಎಂಬ ಸೀಮೆಯ ಸಾರ್ವಜನಿಕ ಗ್ರಂಥಾಲಯಗಳಿಗಾಗಿ 1999ರಲ್ಲಿ ಬರೆದದ್ದು. ಅವರ ಹಳೆಯ ವ್ಯವಸ್ಥೆ 2000ನೇ ಇಸವಿಯ ತಾರೀಕನ್ನು ತಾಳಿಕೊಳ್ಳುವಂತಿರಲಿಲ್ಲ. ಹೊಸದನ್ನು ಬರೆಸಿದರು, 2000ದ ಜನವರಿಯಲ್ಲಿ ಬಳಕೆಗೆ ತಂದರು, ಬರೆದದ್ದನ್ನು ಲೋಕಕ್ಕೆಲ್ಲ ಉಚಿತವಾಗಿ ಬಿಟ್ಟುಕೊಟ್ಟರು. ಅಲ್ಲಿನ ಮಾವೊರಿ ಜನರ ಭಾಷೆಯಲ್ಲಿ ಕೋಹಾ ಎಂದರೆ ಕಾಣಿಕೆ. ಇವತ್ತು ಕರ್ನಾಟಕದ ಅನೇಕ ಕಾಲೇಜುಗಳು ಈ ಕಾಣಿಕೆಯ ಮೇಲೆ ನಡೆಯುತ್ತಿವೆ. ನಮ್ಮ ಸುಮಾರು 40 ಸಾವಿರ ಪುಸ್ತಕಗಳ ಲೆಕ್ಕವೂ ಅದರಲ್ಲೇ ಇದೆ. ಮುಂದೆ ಹೇಳುವ ತಪ್ಪು ಕೋಹಾದ್ದಲ್ಲ, ನಮ್ಮದು. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಕೋಹಾ ಒಂಟಿಯಾಗಿ ನಿಂತ ಕಂಬವಲ್ಲ. ಅದು ಬರೆದಿರುವುದು ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಪರ್ಲ್ ಕೂತಿರುವುದು ಲಿನಕ್ಸಿನ ಮೇಲೆ. ನಮ್ಮಲ್ಲಿರುವುದು ಡೆಬಿಯನ್ ಎಂಬ ಲಿನಕ್ಸ್. ಇನ್ನು ತಾರೀಕು ಲೆಕ್ಕ ಹಾಕಲು ಒಂದು ಮಾಡ್ಯೂಲ್, ಇಮೇಲ್ ಕಳಿಸಲು ಇನ್ನೊಂದು, ಕನ್ನಡ ಅಕ್ಷರ ಕೆಡದಂತೆ ಕಾಯಲು ಮತ್ತೊಂದು. ಇಂಥ ಮಾಡ್ಯೂಲುಗಳು ನೂರಕ್ಕೂ ಹೆಚ್ಚು. ಒಂದು ಪ್ರೋಗ್ರಾಂ ತನ್ನ ಕೆಲಸಕ್ಕೆ ಹೀಗೆ ಬೇರೆಯವರ ಪ್ರೋಗ್ರಾಮನ್ನು ನೆಚ್ಚಿಕೊಂಡರೆ ಅದಕ್ಕೆ ಡಿಪೆಂಡೆನ್ಸಿ ಅನ್ನುತ್ತಾರೆ. ಆಸರೆ ಎಂದುಕೊಳ್ಳಿ.

ಕಿವಿಗೆ ಹತ್ತುವ ಹಾಗೆ ಒಂದು ಉದಾಹರಣೆ ಕೊಡುತ್ತೇನೆ. ಮದುವೆಯ ಅಡುಗೆಗೆ ಭಟ್ಟರು ಬರುತ್ತಾರೆ. ಅವರು ತರುವುದು ತಮ್ಮ ಸೌಟು, ಜಾಲರಿ, ತಮ್ಮ ಕೈಗುಣ. ಕೊಳದಪ್ಪಲೆ, ಹಂಡೆ, ರುಬ್ಬುವ ಯಂತ್ರ ಎಲ್ಲ ಛತ್ರದವು. ಇದರಲ್ಲಿ ಜಾಣತನವಿದೆ. ಪ್ರತಿ ಭಟ್ಟರೂ ಹಂಡೆ ಹೊತ್ತು ತಿರುಗಬೇಕಿಲ್ಲ. ಛತ್ರದ ಒಂದು ಜೊತೆ ಪಾತ್ರೆಯಲ್ಲಿ ವರ್ಷಕ್ಕೆ ನೂರು ಮದುವೆ ನಡೆಯುತ್ತವೆ. ಕಂಪ್ಯೂಟರಿನೊಳಗೂ ಅಷ್ಟೇ. ಒಂದು ಆಸರೆಯನ್ನು ಹತ್ತಾರು ಪ್ರೋಗ್ರಾಂಗಳು ಹಂಚಿಕೊಳ್ಳುತ್ತವೆ. ಈಗ ಛತ್ರದವರು ಅಡುಗೆಮನೆಯನ್ನು ಹೊಸದು ಮಾಡಿಸಿದರು ಎನ್ನಿ. ಪಾತ್ರೆಗಳನ್ನೂ ಬದಲಾಯಿಸಿದರು. ಬೆಳಗಿನ ಜಾವ ನಾಲ್ಕು ಗಂಟೆಗೆ ಭಟ್ಟರು ಬಂದು ನೋಡಿದರೆ, ಅವರು ನಂಬಿದ್ದ ರುಬ್ಬುವ ಯಂತ್ರ ಮಾತ್ರ ಕಾಣುತ್ತಿಲ್ಲ. ಅಕ್ಕಿ ಇದೆ, ಉದ್ದು ನೆನೆದಿದೆ, ಒಲೆ ಉರಿಯುತ್ತಿದೆ. ಇಡ್ಲಿ ಆಗುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಒಂದು ಸೇವೆ ಅನೇಕ ಆಸರೆಗಳ ಮೇಲೆ ನಿಲ್ಲುತ್ತದೆ. ಅಪ್‌ಗ್ರೇಡ್ ಆದಾಗ ಆ ಆಸರೆಗಳು ಬದಲಾಗುತ್ತವೆ. ಒಂದು ತಪ್ಪಿಹೋದರೂ ಸೇವೆ ಏಳುವುದಿಲ್ಲ. ಇನ್ನು ಶನಿವಾರದ ಒಗಟಿಗೆ ಬರುತ್ತೇನೆ.

ಶನಿವಾರ ನಾವು ಮಾಡಿದ್ದು ಡೆಬಿಯನ್ 11ರಿಂದ 12ಕ್ಕೆ ಏರುವ ಕೆಲಸ. ಅದರ ಜೊತೆಗೆ ಪರ್ಲ್ ಕೂಡ ಬದಲಾಯಿತು. 5.32 ಹೋಗಿ 5.36 ಬಂತು. ಎರಡು ಗಂಟೆ ಹಿಡಿಯಿತು. ಎಲ್ಲೂ ದೋಷದ ಸಂದೇಶ ಬರಲಿಲ್ಲ. ಕೊನೆಯಲ್ಲಿ ಯಂತ್ರವನ್ನು ಒಮ್ಮೆ ರೀಸ್ಟಾರ್ಟ್ ಮಾಡಬೇಕಿತ್ತು. ಹೊತ್ತಾಗಿತ್ತು, ಕೊನೆಯ ಬಸ್ಸು ಹಿಡಿಯಬೇಕಿತ್ತು, ಸೋಮವಾರ ಮಾಡಿದರಾಯಿತು ಅಂದುಕೊಂಡೆವು. ಪರೀಕ್ಷಿಸಿದಾಗ ಪುಸ್ತಕ ಸರಾಗವಾಗಿ ಹೋಯಿತು, ಬಂತು.

ಯಾಕೆ ಬಂತು ಗೊತ್ತೇ? ನಡೆಯುತ್ತಿರುವ ಪ್ರೋಗ್ರಾಂ ಡಿಸ್ಕಿನಲ್ಲಿರುವುದಿಲ್ಲ, ಮೆಮೊರಿಯಲ್ಲಿರುತ್ತದೆ. ಅದು ಏಳುವಾಗಲೇ ತನಗೆ ಬೇಕಾದದ್ದನ್ನು ಬಹುಮಟ್ಟಿಗೆ ಡಿಸ್ಕಿನಿಂದ ಎತ್ತಿಕೊಂಡು ಜೊತೆಗಿಟ್ಟುಕೊಂಡಿರುತ್ತದೆ. ಕೆಳಗಿನ ಡಿಸ್ಕಿನಲ್ಲಿ ಹಳೆಯದು ಹೋಗಿ ಹೊಸದು ಬಂದರೂ, ಮೇಲೆ ಹಳೆಯದೇ ಓಡುತ್ತಿರುತ್ತದೆ. ಶನಿವಾರ ಸಂಜೆ ನಾವು ಪರೀಕ್ಷಿಸಿದ್ದು ಹೊಸ ವ್ಯವಸ್ಥೆಯನ್ನಲ್ಲ, ಹಳೆಯದರ ನೆನಪನ್ನು. ಭಾನುವಾರ ಮಧ್ಯಾಹ್ನ ಊರಿನಲ್ಲಿ ಕರೆಂಟು ಹೋಯಿತು. ಯುಪಿಎಸ್ ಒಂದು ಗಂಟೆ ತಡೆಯಿತು, ಆಮೇಲೆ ಸುಮ್ಮನಾಯಿತು. ಕರೆಂಟು ಬಂದಾಗ ಯಂತ್ರ ತಾನಾಗಿ ಎದ್ದಿತು. ಕೋಹಾದ ಸರ್ವಿಸ್ ಏಳಲು ನೋಡಿತು. ಈಗ ಅದು ಡಿಸ್ಕಿಗೇ ಹೋಗಿ ತನ್ನ ಆಸರೆಗಳನ್ನು ಒಂದೊಂದಾಗಿ ಕರೆಯಬೇಕು. ಒಂದು ಕರೆಗೆ ಉತ್ತರ ಬರಲಿಲ್ಲ. ಅಲ್ಲಿಗೇ ನಿಂತಿತು.

ಅಪ್‌ಗ್ರೇಡ್ ಮಾಡಿದವರು ರೀಸ್ಟಾರ್ಟ್ ಮಾಡದೆ ಮನೆಗೆ ಹೋಗಬಾರದು. ದಯವಿಟ್ಟು ಇದೊಂದನ್ನು ಬರೆದುಕೊಳ್ಳಿ.

ಈಗ ಸೋಮವಾರದ ಕೌಂಟರಿಗೆ ಮರಳೋಣ. ಹಳೆಯ ಕಾಲದ ಹಾಗೆ ಒಂದು ರಿಜಿಸ್ಟರ್ ತೆರೆದು, ಅಟೆಂಡರ್ ಕೈಯಲ್ಲೇ ಬರೆದು ಪುಸ್ತಕ ಕೊಡಲು ಶುರುಮಾಡಿದರು. ನಾನು ಲಾಗ್ ಓದಲು ಕೂತೆ. ಲಾಗ್ ಎಂದರೆ ಯಂತ್ರ ತನ್ನ ದಿನಚರಿಯನ್ನು ತಾನೇ ಬರೆದಿಡುವ ಕಡತ. ಏನಾಯಿತು ಎನ್ನುವುದು ಅಲ್ಲಿ ನಿಮಿಷ, ಸೆಕೆಂಡು ಸಮೇತ ಇರುತ್ತದೆ.

ಬಹಳಷ್ಟು ಜನ ಇಲ್ಲಿ ಒಂದು ತಪ್ಪು ಮಾಡುತ್ತಾರೆ. ಕೊನೆಯ ಸಾಲನ್ನು ಮಾತ್ರ ಓದುತ್ತಾರೆ. ಕೊನೆಯ ಸಾಲು ‘ಕೆಲಸ ಅರ್ಧಕ್ಕೆ ನಿಂತಿತು’ ಅನ್ನುತ್ತದೆ. ಅದರ ಫೋಟೊ ತೆಗೆದು ಪರಿಚಯದವರಿಗೆ ವಾಟ್ಸ್ಆ್ಯಪ್ ಮಾಡುತ್ತಾರೆ. ಆ ಸಾಲಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ತಿಳಿಸುವ ಸಾಲು ಅದಕ್ಕಿಂತ ಮೇಲಿದೆ. ಉದ್ದವಾಗಿದೆ, ಇಂಗ್ಲಿಷಿನಲ್ಲಿದೆ, ನೋಡಿದರೆ ದಿಗಿಲಾಗುತ್ತದೆ. ಕನ್ನಡದಲ್ಲಿ ಹೇಳುವುದಾದರೆ ಅದು ಇಷ್ಟೇ: ‘ಇಂಥ ಹೆಸರಿನ ಫೈಲು ಸಿಗಲಿಲ್ಲ. ನೀವು ಇಂಥ ಮಾಡ್ಯೂಲನ್ನು ಹಾಕಬೇಕಾಗಬಹುದು. ನಾನು ಹುಡುಕಿದ ಜಾಗಗಳು ಇವು.’ ಬೇಕಾದದ್ದರ ಹೆಸರು, ಹುಡುಕಿದ ಜಾಗ, ಎರಡನ್ನೂ ಯಂತ್ರವೇ ಹೇಳುತ್ತಿದೆ. ಸಾವಧಾನವಾಗಿ ಓದುವವರು ಬೇಕು.

ನಮ್ಮಲ್ಲಿ ಸಿಗದೆ ಹೋದದ್ದು ಬಾರ್‌ಕೋಡಿನ ಗೆರೆಗಳನ್ನು ಬರೆಯುವ ಒಂದು ಪುಟ್ಟ ಮಾಡ್ಯೂಲ್. ಆ ಬೆಳಿಗ್ಗೆ ಯಾರಿಗೂ ಹೊಸ ಬಾರ್‌ಕೋಡ್ ಬೇಕಿರಲಿಲ್ಲ. ಆದರೂ ಇಡೀ ಸೇವೆ ನಿಂತಿತು. ಯಾಕೆಂದರೆ ಪರ್ಲ್ ಪ್ರೋಗ್ರಾಂ ಒಂದು ಮಾಡ್ಯೂಲನ್ನು ಬಳಸುತ್ತೇನೆ ಎಂದು ತಲೆಯಲ್ಲೇ ಬರೆದುಕೊಂಡಿದ್ದರೆ, ಓಟ ಶುರುವಾಗುವ ಮೊದಲೇ ಅದು ಕೈಗೆ ಸಿಗಬೇಕು. ಆಮೇಲೆ ನೋಡೋಣ ಎನ್ನುವ ಮಾತು ಅಲ್ಲಿಲ್ಲ.

ಡಿಸ್ಕಿನಲ್ಲಿ ಹುಡುಕಿದೆ. ಫೈಲು ಅಲ್ಲೇ ಇತ್ತು! ಆದರೆ 5.32 ಎಂಬ ಹೆಸರಿನ ಫೋಲ್ಡರಿನೊಳಗಿತ್ತು. ಹೊಸ ಪರ್ಲ್ 5.36 ಎಂಬ ಫೋಲ್ಡರಿನಲ್ಲಿ ಹುಡುಕುತ್ತಿತ್ತು. ಗ್ರಂಥಾಲಯದವರ ಮಾತಿನಲ್ಲಿ ಹೇಳುವುದಾದರೆ, ಪುಸ್ತಕ ಕಳೆದಿಲ್ಲ, ಹಳೆಯ ಕಟ್ಟಡದ ಬೀರುವಿನಲ್ಲಿದೆ. ಓದುಗ ಹೊಸ ಕಟ್ಟಡದಲ್ಲಿ ನಿಂತಿದ್ದಾನೆ. ಹಾಗಿದ್ದರೆ ಎತ್ತಿ ಇಲ್ಲಿಡೋಣ ಅಂದುಕೊಂಡು ಹಳೆಯ ಫೋಲ್ಡರಿನಿಂದ ಹೊಸದಕ್ಕೆ ಪ್ರತಿ ಮಾಡಿದೆ. ಮತ್ತೆ ಏಳಿಸಿದೆ. ಈ ಸಲ ಬೇರೆಯೇ ದೂರು: ಈ ತುಂಡು ಈ ಪರ್ಲಿಗೆ ಹೊಂದುವುದಿಲ್ಲ. ಕೆಲವು ಮಾಡ್ಯೂಲುಗಳಲ್ಲಿ ಸಿ ಭಾಷೆಯಲ್ಲಿ ಬರೆದು ಯಂತ್ರಭಾಷೆಗೆ ಇಳಿಸಿದ ಭಾಗವಿರುತ್ತದೆ. ಅದು ತಾನು ಹುಟ್ಟಿದ ಪರ್ಲಿನ ಅಳತೆಗೇ ಹೊಲಿದ ಅಂಗಿ. ಹೊಸ ಮೈಗೆ ಹಿಡಿಸದು. ಪ್ರತಿ ಮಾಡಿದ್ದನ್ನು ತೆಗೆದುಹಾಕಿದೆ. ಡೆಬಿಯನ್ನಿನವರು ಪ್ರೋಗ್ರಾಂಗಳನ್ನು ಇಟ್ಟು ಹಂಚುವ ಭಂಡಾರದಲ್ಲಿ ಅದೇ ಮಾಡ್ಯೂಲ್, ಹೊಸ ಪರ್ಲಿಗೆ ತಕ್ಕಂತೆ ಸಿದ್ಧವಾಗಿತ್ತು. ಹಾಕಲು ಎರಡು ನಿಮಿಷ ಸಾಕಾಯಿತು. ಸೇವೆ ಎದ್ದಾಗ ಹನ್ನೊಂದು ಗಂಟೆ ದಾಟಿತ್ತು. ರಿಜಿಸ್ಟರಿನಲ್ಲಿ ಸುಮಾರು 70 ಪುಸ್ತಕಗಳ ನಮೂದು ಆಗಿತ್ತು.

ಮಿತ್ರರೇ, ಒಮ್ಮೆ ಹಿಂದಿರುಗಿ ನೋಡೋಣ. ಸೇವೆ ನಿಂತದ್ದು ಒಂದು ಆಸರೆ ಸಿಗದೆ. ಎರಡು ದಿನ ಗೊತ್ತಾಗದೆ ಉಳಿದದ್ದು ರೀಸ್ಟಾರ್ಟ್ ಮಾಡದೆ. ಗುಟ್ಟು ಬಿಟ್ಟುಕೊಟ್ಟದ್ದು ಲಾಗಿನ ಮೇಲಿನ ಸಾಲು. ಇನ್ನು ನನ್ನನ್ನು ಬಹಳ ದಿನ ಕಾಡಿದ ಪ್ರಶ್ನೆ ಒಂದಿದೆ. ನೂರಕ್ಕೂ ಹೆಚ್ಚು ಮಾಡ್ಯೂಲುಗಳು ಸರಿಯಾಗಿ ಹೊಸ ಮನೆಗೆ ಬಂದವು. ಇದೊಂದೇ ಯಾಕೆ ಹಿಂದೆ ಉಳಿಯಿತು?

ಉತ್ತರ ಡೆಬಿಯನ್ ಕೆಲಸ ಮಾಡುವ ರೀತಿಯಲ್ಲಿದೆ. ಅದು 1993ರಲ್ಲಿ ಶುರುವಾದ ಯೋಜನೆ. ಅದರ ದೊಡ್ಡ ಕೊಡುಗೆಗಳಲ್ಲಿ ಒಂದು, ಪ್ಯಾಕೇಜು, ಅಂದರೆ ಪ್ರೋಗ್ರಾಮನ್ನು ಕಟ್ಟಿಕೊಡುವ ಪೊಟ್ಟಣ. ಪ್ರತಿ ಪ್ಯಾಕೇಜಿನ ಜೊತೆಗೂ ಒಂದು ಚೀಟಿ ಇರುತ್ತದೆ: ನನಗೆ ಇಂಥಿಂಥವು ಬೇಕು, ಇಷ್ಟನೇ ಆವೃತ್ತಿಯವು ಬೇಕು. ಅಪ್‌ಗ್ರೇಡ್ ಮಾಡುವ ಪ್ರೋಗ್ರಾಂ ಈ ಚೀಟಿಗಳನ್ನೆಲ್ಲ ಓದಿ, ಯಾವುದೂ ಬಿಟ್ಟುಹೋಗದಂತೆ ಎಲ್ಲವನ್ನೂ ಒಟ್ಟಿಗೆ ಸಾಗಿಸುತ್ತದೆ. ಅಪರಿಚಿತರು ಲೋಕದ ಮೂಲೆಮೂಲೆಯಲ್ಲಿ ಕೂತು ಬರೆದ ಸಾವಿರಾರು ಚೀಟಿಗಳು ಒಂದಕ್ಕೊಂದು ತಾಳೆಯಾಗುವುದನ್ನು ನೆನೆದರೆ ನನಗೆ ಈಗಲೂ ಮನಸ್ಸು ತುಂಬಿಬರುತ್ತದೆ.

ಆದರೆ ಅದು ಸಾಗಿಸುವುದು ತನ್ನ ಲೆಕ್ಕದಲ್ಲಿರುವುದನ್ನು ಮಾತ್ರ. ನಮ್ಮ ಬಾರ್‌ಕೋಡ್ ಮಾಡ್ಯೂಲ್ ಡೆಬಿಯನ್ನಿನ ಬಾಗಿಲಿನಿಂದ ಒಳಗೆ ಬಂದದ್ದಲ್ಲ. ಕೆಲವು ವರ್ಷದ ಹಿಂದೆ ನಮ್ಮಲ್ಲಿದ್ದ ಒಬ್ಬ ತಂತ್ರಜ್ಞ, ನಮ್ಮ ಲೇಬಲ್ಲಿನ ಅಳತೆಗೆ ಸರಿಯಾಗಿ ಬಾರ್‌ಕೋಡ್ ಬರಲೆಂದು, ಪರ್ಲಿನವರ ಸಾರ್ವಜನಿಕ ಭಂಡಾರದಿಂದ ಅದನ್ನು ನೇರವಾಗಿ ತಂದು ಕೈಯಾರೆ ಹಾಕಿದ್ದ. ಕೋಹಾದಲ್ಲಿ ನಮಗಾಗಿ ನಾಲ್ಕು ಸಾಲು ಸೇರಿಸಿದ್ದ. ಒಳ್ಳೆಯ ಕೆಲಸವೇ. ಅಂದಿನಿಂದ ನಾವು ಅದರ ಫಲ ಉಂಡಿದ್ದೇವೆ. ಎಲ್ಲೂ ಬರೆದಿಟ್ಟಿರಲಿಲ್ಲ, ಅಷ್ಟೇ. ಬರೆಯಲು ನಾವು ಅವನಿಗೆ ಒಂದು ಪುಸ್ತಕವನ್ನೂ ಕೊಟ್ಟಿರಲಿಲ್ಲ.

ಗ್ರಂಥಾಲಯದವನಾಗಿ ನನಗೆ ನೋವಾದದ್ದು ಇಲ್ಲಿ. ನಮ್ಮಲ್ಲಿ ಅಕ್ಸೆಷನ್ ರಿಜಿಸ್ಟರ್ ಎಂಬ ದೊಡ್ಡ ಪುಸ್ತಕವಿದೆ. ಕೆಂಪು ಕ್ಯಾಲಿಕೊ ರಟ್ಟು, ಎರಡು ಕೈಯಲ್ಲಿ ಎತ್ತುವಷ್ಟು ಭಾರ. ಹತ್ತು ರೂಪಾಯಿಯ ಪುಸ್ತಕ ಬಂದರೂ ಅದರಲ್ಲಿ ನಮೂದಾಗಬೇಕು. ಬಂದ ತಾರೀಕು, ಲೇಖಕರು, ಬೆಲೆ, ಕೊಂಡದ್ದೋ ದಾನವಾಗಿ ಬಂದದ್ದೋ, ಯಾರಿಂದ ಬಂತು, ಎಲ್ಲವೂ. ನಮೂದಾಗದ ಪುಸ್ತಕ ಕಪಾಟಿನಲ್ಲಿದ್ದರೂ ವಾರ್ಷಿಕ ತಪಾಸಣೆಯ ಲೆಕ್ಕಕ್ಕೆ ಸಿಗುವುದಿಲ್ಲ. ಕಟ್ಟಡ ಬದಲಾಯಿಸುವಾಗ ಮೊದಲು ಕಳೆದುಹೋಗುವುದೇ ಅದು. ಇದು ನಮ್ಮ ವೃತ್ತಿಯ ಮೊದಲ ಪಾಠ. ಕಾಗದದ ಪುಸ್ತಕಕ್ಕೆ ಇಷ್ಟು ಶಿಸ್ತು ಇಟ್ಟುಕೊಂಡ ನಾವು, ಆ 40 ಸಾವಿರ ಪುಸ್ತಕಗಳ ಲೆಕ್ಕವನ್ನೇ ಹೊತ್ತ ಯಂತ್ರದೊಳಗೆ ಏನು ಬಂತು, ಯಾರು ತಂದರು ಎಂಬುದನ್ನು ಒಂದು ಸಾಲೂ ಬರೆದಿರಲಿಲ್ಲ.

ಇದು ನಮ್ಮ ಒಂದು ಕಾಲೇಜಿನ ಕತೆಯಲ್ಲ. 2022ರ ಏಪ್ರಿಲಿನಲ್ಲಿ ಉಬುಂಟು ಎಂಬ ಇನ್ನೊಂದು ಲಿನಕ್ಸಿನ 22.04 ಆವೃತ್ತಿ ಬಂತು. ಸಂದೇಶಗಳನ್ನು ಗುಟ್ಟಾಗಿಸುವ ಓಪನ್‌ಎಸ್‌ಎಸ್‌ಎಲ್ ಎಂಬ ಆಸರೆ ಅದರಲ್ಲಿ 1.1ರಿಂದ 3ಕ್ಕೆ ಏರಿತ್ತು. 1.1 ಅಲ್ಲಿರಲೇ ಇಲ್ಲ. ಹಳೆಯದನ್ನೇ ಕೇಳುತ್ತಿದ್ದ ಪ್ರೋಗ್ರಾಂಗಳು ‘ಅಂಥ ಫೈಲಿಲ್ಲ’ ಎಂದು ಹೇಳಿ ಏಳದೆ ಉಳಿದವು.

ಇನ್ನೊಂದು ಪ್ರಸಂಗ ಇದಕ್ಕಿಂತ ವಿಚಿತ್ರ. ನಮ್ಮ ಬಾರ್‌ಕೋಡಿನ ಕೆಳಗೆ ಆರು ಅಂಕೆ ಇರುತ್ತದೆ. ಪುಸ್ತಕದ ಸಂಖ್ಯೆ 427 ಆದರೆ ಎಡಕ್ಕೆ ಮೂರು ಸೊನ್ನೆ ಸೇರಿಸಿ ಸೊನ್ನೆ ಸೊನ್ನೆ ಸೊನ್ನೆ ನಾಲ್ಕು ಎರಡು ಏಳು ಎಂದು ಮಾಡುತ್ತೇವೆ. ಹೀಗೆ ಎಡಗಡೆ ಭರ್ತಿ ಮಾಡುವ ಒಂದು ಪುಟ್ಟ ಪ್ಯಾಕೇಜ್ ಜಾವಾಸ್ಕ್ರಿಪ್ಟ್ ಭಾಷೆಯ ಎನ್‌ಪಿಎಂ ಎಂಬ ಭಂಡಾರದಲ್ಲಿತ್ತು. ಹೆಸರು ಲೆಫ್ಟ್-ಪ್ಯಾಡ್. ಬರೀ 11 ಸಾಲು. 2016ರ ಮಾರ್ಚಿನಲ್ಲಿ ಅದನ್ನು ಬರೆದವರಿಗೂ ಭಂಡಾರದವರಿಗೂ ಇನ್ನೊಂದು ಪ್ಯಾಕೇಜಿನ ಹೆಸರಿನ ವಿಷಯದಲ್ಲಿ ಮನಸ್ತಾಪವಾಯಿತು. ಅವರು ತಮ್ಮ 250ಕ್ಕೂ ಹೆಚ್ಚು ಪ್ಯಾಕೇಜುಗಳನ್ನೆಲ್ಲ ಹಿಂತೆಗೆದುಕೊಂಡರು. ಜೊತೆಯಲ್ಲಿ ಈ 11 ಸಾಲೂ ಹೋಯಿತು. ಜಗತ್ತಿನ ದೊಡ್ಡ ದೊಡ್ಡ ಪ್ರಾಜೆಕ್ಟುಗಳು ಒಂದರ ಮೂಲಕ ಒಂದು ಅದನ್ನೇ ನೆಚ್ಚಿದ್ದವು. ಆಗಲೇ ಓಡುತ್ತಿದ್ದವು ಓಡುತ್ತಲೇ ಇದ್ದವು. ಹೊಸದಾಗಿ ಕಟ್ಟಲು ಹೊರಟವು ನಿಂತುಬಿಟ್ಟವು. ಎರಡು ಗಂಟೆಗೂ ಹೆಚ್ಚು ಈ ಗೊಂದಲ ಇತ್ತು. ಭಂಡಾರದವರೇ ಆ ಪ್ಯಾಕೇಜನ್ನು ಮತ್ತೆ ಕಪಾಟಿಗೆ ಇಟ್ಟ ಮೇಲೆ ಸರಿಹೋಯಿತು. ಬಹಳ ಜನರಿಗೆ ತಾವು ಲೆಫ್ಟ್-ಪ್ಯಾಡಿನ ಮೇಲೆ ನಿಂತಿದ್ದೇವೆ ಎಂದು ತಿಳಿದದ್ದೇ ಅವತ್ತು.

ಹಾಗಾದರೆ ಎಲ್ಲರೂ ತಮ್ಮ ಪಾತ್ರೆಗಳನ್ನು ತಾವೇ ತರಬಾರದೇ ಎಂದು ನೀವು ಕೇಳಬಹುದು. ಆ ದಾರಿಯೂ ಇದೆ. 2013ರಲ್ಲಿ ಬಂದ ಡಾಕರ್ ಅಂಥದ್ದು. ಸೇವೆಯನ್ನೂ ಅದಕ್ಕೆ ಬೇಕಾದ ಆಸರೆಗಳನ್ನೂ ಒಂದೇ ಪೆಟ್ಟಿಗೆಯಲ್ಲಿ ತುಂಬಿ ಒಯ್ಯುವುದು. ಭಟ್ಟರು ಟೆಂಪೊದಲ್ಲಿ ಹಂಡೆ ಸಮೇತ ಬಂದ ಹಾಗೆ. ಅನುಕೂಲವಿದೆ, ನಾನು ಬೇಡ ಅನ್ನುವುದಿಲ್ಲ. ಆದರೆ 2014ರ ಏಪ್ರಿಲಿನಲ್ಲಿ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ದೊಡ್ಡ ಬಿರುಕು ಕಂಡುಬಂದಾಗ, ಛತ್ರದ ಪಾತ್ರೆ ಬಳಸುತ್ತಿದ್ದವರಿಗೆ ಆ ಒಂದು ಪಾತ್ರೆ ಬದಲಾಯಿಸಿ ಒಲೆಯನ್ನು ಮತ್ತೆ ಹಚ್ಚಿದರೆ ಸಾಕಿತ್ತು. ತಮ್ಮ ಪಾತ್ರೆ ತಾವೇ ಹೊತ್ತವರು ಒಂದೊಂದು ಪೆಟ್ಟಿಗೆಯನ್ನೂ ಬಿಚ್ಚಿ ನೋಡಬೇಕಿತ್ತು. ಪೆಟ್ಟಿಗೆಯೊಳಗೆ ಏನಿದೆ ಎಂಬ ಪಟ್ಟಿ ಅಲ್ಲಿಯೂ ಬೇಕೇ ಬೇಕು.

ಈಗ ಕೊನೆಯ ಭಾಗ. ಆಸರೆ ಎಂದರೇನು ಎಂದು ಹೇಳಿದೆ. ಲೆಕ್ಕಕ್ಕೆ ಸೇರದ ಆಸರೆಯೇ ಅಪ್‌ಗ್ರೇಡಿನಲ್ಲಿ ಹಿಂದೆ ಉಳಿಯುತ್ತದೆ ಎಂದೂ ಹೇಳಿದೆ. ಆಮೇಲೆ ನಾವು ಏನು ಮಾಡಿದೆವು ಎನ್ನುವುದನ್ನು ಹೇಳುತ್ತೇನೆ. ನೀವೂ ನಾಳೆಯೇ ಮಾಡಬಹುದಾದ ಕೆಲಸ.

ಡೆಬಿಯನ್ನಿನಲ್ಲಿ ಯುಎಸ್‌ಆರ್ ಎಂಬ ಫೋಲ್ಡರಿನೊಳಗೆ ಲೋಕಲ್ ಎಂಬ ಫೋಲ್ಡರ್ ಇದೆ. ಡೆಬಿಯನ್ ತನ್ನ ಪ್ಯಾಕೇಜುಗಳ ಫೈಲುಗಳನ್ನು ಅಲ್ಲಿ ಇಡುವುದಿಲ್ಲ. ಅದು ಮನೆಯವರಿಗೆ ಬಿಟ್ಟ ಅಂಗಳ. ಕೈಯಾರೆ ಹಾಕಿದ್ದು ಹೆಚ್ಚಾಗಿ ಅಲ್ಲಿಯೇ ಇರುತ್ತದೆ. ಆ ಅಂಗಳವನ್ನು ಒಂದು ಮಧ್ಯಾಹ್ನ ಪೂರ್ತಿ ಗುಡಿಸಿದೆವು. ಏಳು ಮಾಡ್ಯೂಲು ಸಿಕ್ಕವು. ಎರಡನ್ನು ಯಾರೂ ಬಳಸುತ್ತಿರಲಿಲ್ಲ, ತೆಗೆದೆವು. ನಾಲ್ಕು ಡೆಬಿಯನ್ನಿನ ಭಂಡಾರದಲ್ಲೇ ಇದ್ದವು, ಅಲ್ಲಿಂದ ಹಾಕಿದೆವು. ಇನ್ನು ಮುಂದೆ ಅವುಗಳ ಯೋಗಕ್ಷೇಮ ಅದರದು. ಒಂದು ಮಾತ್ರ ಆ ಭಂಡಾರದಲ್ಲಿ ಸಿಗಲಿಲ್ಲ. ಅದು ನಮ್ಮ ಪಾಲಿಗೆ ಉಳಿಯಿತು.

ಗುಜರಿಗೆ ಹೋಗಬೇಕಿದ್ದ ಒಂದು ಹಳೆಯ ಕಂಪ್ಯೂಟರನ್ನು ಉಳಿಸಿಕೊಂಡೆವು. ಸರ್ವರಿನ ಬ್ಯಾಕಪ್ಪನ್ನು ಅದರೊಳಗೆ ಇಳಿಸಿ, ಯಾವ ಅಪ್‌ಗ್ರೇಡ್ ಆದರೂ ಮೊದಲು ಅಲ್ಲಿ ಮಾಡುತ್ತೇವೆ. ಮಾಡಿದ ಮೇಲೆ ರೀಸ್ಟಾರ್ಟ್ ಮಾಡುತ್ತೇವೆ. ಎದ್ದರೆ ಮಾತ್ರ ಮುಂದಿನ ಮಾತು. ಕಳೆದ ಗುರುವಾರ ಅದು ಏಳಲಿಲ್ಲ. ಲಾಗಿನಲ್ಲಿ ಒಂದು ಹೆಸರಿತ್ತು, ಓದಿದೆವು, ಹಾಕಿದೆವು, ಬರೆದುಕೊಂಡೆವು. ಕೌಂಟರಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಬರೆದುಕೊಂಡದ್ದು ಒಂದು ಹೊಸ ರಿಜಿಸ್ಟರಿನಲ್ಲಿ. ಅದಕ್ಕೂ ಅಕ್ಸೆಷನ್ ರಿಜಿಸ್ಟರಿನ ಹಾಗೆಯೇ ಕೈಯಿಂದ ಗೆರೆ ಎಳೆದಿದ್ದೇವೆ. ಕ್ರಮಸಂಖ್ಯೆ, ತಾರೀಕು, ಏನು ಹಾಕಿದ್ದು, ಎಲ್ಲಿಂದ ತಂದದ್ದು, ಯಾತಕ್ಕೆ, ಯಾರು. ಮೊದಲನೆಯ ನಮೂದು ಆ ಬಾರ್‌ಕೋಡ್ ಮಾಡ್ಯೂಲಿನದು. ಅದನ್ನು ಹಾಕಿದ ಹುಡುಗ ಈಗ ಬೇರೆ ಊರಿನಲ್ಲಿದ್ದಾನೆ. ಫೋನು ಮಾಡಿ ವಿಷಯ ಹೇಳಿದಾಗ ‘ಸಾರಿ ಸಾರ್, ಬರೆದಿಡಬೇಕಿತ್ತು’ ಅಂದ. ಇಲ್ಲ ಮಾರಾಯ, ಕೇಳಬೇಕಾದವರು ನಾವು, ಕೇಳಲಿಲ್ಲ ಅಂದೆ. ಯಾವ ತಿಂಗಳು ಹಾಕಿದ್ದು ಎಂದು ಕೇಳಿದೆ. ಸ್ವಲ್ಪ ಯೋಚಿಸಿ, ಹೊಸ ಲೇಬಲ್ ಪ್ರಿಂಟರ್ ಬಂದ ವಾರ ಅಂದ. ಪ್ರಿಂಟರಿನ ಬಿಲ್ಲು ನಮ್ಮ ಕಡತದಲ್ಲಿತ್ತು. ಅದನ್ನು ನೋಡಿ ತಾರೀಕು ತುಂಬಿದೆ. ಯಾರು ಎಂಬ ಕಾಲಮ್ಮಿನಲ್ಲಿ ಅವನ ಹೆಸರು ಬರೆದೆ.